ಆಡಿ ಗಳಿಸುವ ಬ್ಲಾಕ್‌ಚೈನ್ ಗೇಮ್: ಲೆಕ್ಕ ಎಲ್ಲಿ ತಪ್ಪುತ್ತದೆ?

ಆಟದಲ್ಲಿ ಸಿಕ್ಕಿದ ಪಾತ್ರ, ಆಯುಧ, ನಾಣ್ಯಗಳು ಬ್ಲಾಕ್‌ಚೈನ್ ಎಂಬ ಡಿಜಿಟಲ್ ಲೆಕ್ಕಪುಸ್ತಕದಲ್ಲಿ ಆಟಗಾರನ ಹೆಸರಿನ ಬದಲು ಅವನ ವಾಲೆಟ್ ನಂಬರಿಗೆ ದಾಖಲಾಗುತ್ತವೆ. ಅವನ್ನು ಮಾರಿ ದುಡ್ಡು ಮಾಡಬಹುದು. ಇದೇ ಬ್ಲಾಕ್‌ಚೈನ್ ಗೇಮ್. ಕೇಳಲು ಚೆನ್ನಾಗಿದೆ. ಆದರೆ ತೊಂದರೆ ಎಲ್ಲಿ ಎಂದು ತಿಳಿಯಲು ಆಕ್ಸಿ ಇನ್ಫಿನಿಟಿಯ ಕತೆ ಸಾಕು.

ವಿಯೆಟ್ನಾಂನ ಸ್ಕೈ ಮೇವಿಸ್ ಕಂಪನಿಯ ಈ ಆಟ 2018ರಲ್ಲಿ ಬಂತು. ಆಡಲು ಮೊದಲು ಆಕ್ಸಿ ಎಂಬ ಮೂರು ಡಿಜಿಟಲ್ ಪ್ರಾಣಿಗಳನ್ನು ಕೊಳ್ಳಬೇಕಿತ್ತು. ಗೆದ್ದರೆ ಎಸ್‌ಎಲ್‌ಪಿ ಎಂಬ ಟೋಕನ್ ಸಿಗುತ್ತಿತ್ತು. ಕೋವಿಡ್ ಕಾಲದಲ್ಲಿ ಫಿಲಿಪೈನ್ಸ್‌ನಲ್ಲಿ ಕೆಲಸ ಕಳೆದುಕೊಂಡ ಎಷ್ಟೋ ಜನ ಇದನ್ನೇ ಹೊಟ್ಟೆಪಾಡು ಮಾಡಿಕೊಂಡರು. ಕೈಯಲ್ಲಿ ದುಡ್ಡಿಲ್ಲದವರು ಬೇರೆಯವರ ಆಕ್ಸಿಗಳನ್ನು ಪಡೆದು, ಗಳಿಕೆಯಲ್ಲಿ ಪಾಲು ಕೊಟ್ಟು ಆಡಿದರು.

ವಿನ್ಯಾಸದ ತೊಂದರೆ: ಆಡಿದಷ್ಟೂ ಹೊಸ ಟೋಕನ್ ಹುಟ್ಟುತ್ತಿತ್ತು. ಅದರ ಮುಖ್ಯ ಉಪಯೋಗ ಹೊಸ ಆಕ್ಸಿ ಮರಿ ಮಾಡಿಸುವುದು. ಮರಿ ಕೊಳ್ಳಬೇಕಾದವರು ಹೊಸ ಆಟಗಾರರು. ಅಂದರೆ ಹೊಸಬರ ಬಂಡವಾಳವೇ ಹಳಬರ ಗಳಿಕೆ. ಹೊಸಬರು ಕಮ್ಮಿಯಾದಾಗ ಟೋಕನ್ ರಾಶಿ ಬಿತ್ತು. 2021ರ ಮಧ್ಯದಲ್ಲಿ 30 ಸೆಂಟ್ ದಾಟಿದ್ದ ಎಸ್‌ಎಲ್‌ಪಿ, 2022ರ ಮಧ್ಯಕ್ಕೆ ಒಂದು ಸೆಂಟ್‌ಗಿಂತ ಕೆಳಗಿಳಿಯಿತು.

ಭದ್ರತೆ: 2022ರ ಮಾರ್ಚ್‌ನಲ್ಲಿ ಇದೇ ಆಟದ ರೋನಿನ್ ಜಾಲಕ್ಕೆ ಹ್ಯಾಕರ್‌ಗಳು ನುಗ್ಗಿದರು. ಹಣ ಹೊರಹೋಗಲು 9 ಕೀಲಿಗಳಲ್ಲಿ 5 ಸಾಕಿತ್ತು. ಆ ಐದೂ ಅವರ ಕೈಸೇರಿ, 60 ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ಗೊತ್ತಾಗಲು ಆರು ದಿನ ಬೇಕಾಯಿತು. ಇದು ಉತ್ತರ ಕೊರಿಯಾದ ಲಜಾರಸ್ ಗುಂಪಿನ ಕೆಲಸ ಎಂದು ಅಮೆರಿಕದ ಎಫ್‌ಬಿಐ ಹೇಳಿತು.

ಬಳಕೆಯ ತೊಂದರೆ: ವಾಲೆಟ್‌ನ ಗುಪ್ತಪದಗಳು ಕಳೆದುಹೋದರೆ ಹೊಸದು ಕೊಡಲು ಬ್ಯಾಂಕ್ ಮ್ಯಾನೇಜರ್ ಇಲ್ಲ. ಕಂಪ್ಯೂಟರ್ ಗೇಮ್‌ಗಳ ದೊಡ್ಡ ಮಳಿಗೆ ಸ್ಟೀಮ್ 2021ರಲ್ಲೇ ಇಂಥ ಆಟಗಳನ್ನು ಹೊರಗಿಟ್ಟಿತು. ಬರೀ ದುಡ್ಡಿಗಾಗಿ ಬಂದವರು ದುಡ್ಡು ನಿಂತ ದಿನ ಹೋಗುತ್ತಾರೆ.

ತೆರಿಗೆ: ಭಾರತದಲ್ಲಿ ತೆರಿಗೆಗೆ ಒಳಪಡುವ ವಹಿವಾಟಾದರೆ, 2022ರ ಏಪ್ರಿಲ್ 1ರಿಂದ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ 30% ತೆರಿಗೆ ಇದೆ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2022ರ ಜುಲೈ 1ರಿಂದ 1% ಟಿಡಿಎಸ್ ಕೂಡ ಬಂದಿದೆ.

'ಆಡಿ ಡಾಲರ್ ಗಳಿಸಿ' ಎಂಬ ಮೆಸೇಜು ನಿಮ್ಮ ರೂಮಿಗೂ ಬಂದರೆ ಒಂದೇ ಪ್ರಶ್ನೆ ಕೇಳಿ: ನಾಳೆ ಹೊಸಬರು ಸೇರದಿದ್ದರೆ ನನಗೆ ದುಡ್ಡು ಕೊಡುವವರು ಯಾರು? ಉತ್ತರ ಸಿಗದಿದ್ದರೆ ಆಟವನ್ನು ಆಟವಾಗಿಯೇ ಆಡಿ. ಊರಿಗೆ ಕಳಿಸುವ ದುಡ್ಡನ್ನು ಅದಕ್ಕೆ ಹಾಕಬೇಡಿ.