ಅಂಗಡಿ ಬಾಡಿಗೆ ಕರಾರು: ದಕ್ಷಿಣ ಬೆಂಗಳೂರು

ಮಳಿಗೆಯ ಮಾಲೀಕರೂ ಅದರಲ್ಲಿ ವ್ಯಾಪಾರ ನಡೆಸುವವರೂ ಬಾಡಿಗೆ, ಅಡ್ವಾನ್ಸು, ಅವಧಿ, ದುರಸ್ತಿ, ತೆರವು ಮೊದಲಾದವನ್ನು ಕುರಿತು ಬರೆದುಕೊಳ್ಳುವ ಒಪ್ಪಂದ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಸಣ್ಣ ವ್ಯಾಪಾರಿಗೆ ಅಂಗಡಿ ಉಳಿಯುವುದೂ ಹೋಗುವುದೂ ಇದರ ಮೇಲೆಯೇ. ಆದರೂ ಓದದೆ ಸಹಿ ಹಾಕುವ ಕಾಗದಗಳಲ್ಲಿ ಇದೇ ಮೊದಲನೆಯದು. ಇದರ ಈಗಿನ ರೂಪ ಇಬ್ಬರ ಅಗತ್ಯದಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ, ನೋಂದಣಿ, ಮುದ್ರಾಂಕ ಶುಲ್ಕ, ಬಾಡಿಗೆ ನಿಯಂತ್ರಣ ಎಂಬ ಮೂರು ಕಟ್ಟುಪಾಡುಗಳ ಪಕ್ಕದಿಂದ ನುಸುಳಿಕೊಳ್ಳುವ ಪ್ರಯತ್ನದಿಂದ ಹುಟ್ಟಿದ್ದು.

ಬರಹದ ಕರಾರು ಕನ್ನಡ ನಾಡಿಗೆ ಇಂಗ್ಲಿಷರ ಕೊಡುಗೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸಾಲಪತ್ರಕ್ಕೆ ನಿಯಮಗಳಿವೆ: ವರ್ಷ, ಮಾಸ, ದಿನ, ಇಬ್ಬರ ಹೆಸರು, ತಂದೆಯ ಹೆಸರು, ಸಾಕ್ಷಿಗಳ ಒಪ್ಪಿಗೆ, ಕೊನೆಯಲ್ಲಿ ಬರೆದವನ ಹೆಸರು. ಕೂಡಿ ವ್ಯಾಪಾರ ಮಾಡುವವರ ಲಾಭನಷ್ಟ ಬಂಡವಾಳಕ್ಕೆ ತಕ್ಕಂತೆ ಅಥವಾ ಮಾತಾಡಿಕೊಂಡಂತೆ ಹಂಚಿಕೆಯಾಗಬೇಕೆಂದೂ ಅಲ್ಲಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಪಡಸಾಲೆಯಲ್ಲಿ ಪತ್ರಬರಹಗಾರರು ಕೂತು ಬರೆಯುತ್ತಿದ್ದ ಕಾಗದವೂ ಇದೇ ಅಚ್ಚಿನದು. ಇಸವಿ, ಮಾಹೆ, ತಾರೀಖಿನಿಂದ ಶುರುವಾಗಿ, ಇಂಥವರ ಮಗ ಇಂಥವರಿಗೆ ಬರೆದುಕೊಟ್ಟ ಪತ್ರದ ಕ್ರಮವೇನೆಂದರೆ ಎಂದು ಸಾಗಿ, ಸಾಕ್ಷಿಗಳ ರುಜುವಿನ ಕೆಳಗೆ ಬಿಕ್ಕಲಂ ಎಂದು ಬರೆದವರ ಹೆಸರಿನೊಂದಿಗೆ ಮುಗಿಯುತ್ತಿತ್ತು.

ಇಂದಿನ ಕಾನೂನಿನ ಬುನಾದಿ 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಭಾರತೀಯ ಕರಾರು ಕಾಯಿದೆ. ಒಪ್ಪಂದ ಮಾಡಿಕೊಳ್ಳುವವರು ಪ್ರಾಪ್ತ ವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು, ಒಪ್ಪಿಗೆ ಮನಸಾರೆ ಕೊಟ್ಟದ್ದಾಗಿರಬೇಕು, ಪ್ರತಿಫಲವೂ ಉದ್ದೇಶವೂ ನ್ಯಾಯಬದ್ಧವಾಗಿರಬೇಕು ಎಂದು ಅದು ಹೇಳಿತು. ಬಾಯಿಮಾತಿನ ಒಪ್ಪಂದವನ್ನೂ ಅದು ತಳ್ಳಿಹಾಕಲಿಲ್ಲ. ಆದರೆ ಸ್ಥಿರಾಸ್ತಿಯ ಗುತ್ತಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಬೇರೊಂದು ಗೆರೆ ಎಳೆಯಿತು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. 1908ರ ನೋಂದಣಿ ಕಾಯಿದೆ ಇದನ್ನೇ ಗಟ್ಟಿ ಮಾಡಿತು. ಬೆಂಗಳೂರಿನ ಪ್ರಸಿದ್ಧ 11 ತಿಂಗಳ ಕರಾರು ಹುಟ್ಟಿದ್ದು ಈ ಗೆರೆಯ ಈಚೆ ಬದಿಯಲ್ಲಿ.

ದಕ್ಷಿಣ ಬೆಂಗಳೂರಿನ ಬಡಾವಣೆಗಳನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಅಂಗಡಿಯಲ್ಲ, ಮನೆ. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ 1940ರ ದಶಕದ ಕೊನೆಯಲ್ಲಿ ಜಯನಗರವನ್ನು ಕೈಗೆತ್ತಿಕೊಂಡಿತು. 1976ರ ಕಾಯಿದೆಯಡಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ದಕ್ಷಿಣಕ್ಕೆ ಬಡಾವಣೆಗಳನ್ನು ಹಬ್ಬಿಸುತ್ತ ಹೋಯಿತು. ನಿವೇಶನ ಸಿಕ್ಕವರಿಗೆ ಕೈಗೆ ಬರುತ್ತಿದ್ದದ್ದು ಲೀಸ್ ಕಂ ಸೇಲ್ ಕರಾರು. 10 ವರ್ಷ ಷರತ್ತುಗಳನ್ನು ಪಾಲಿಸಿ ಮನೆ ಕಟ್ಟಿದ ಮೇಲೆ ಶುದ್ಧ ಕ್ರಯಪತ್ರ. ಮುಂದೆ ಕಾರ್ ಶೆಡ್ಡನ್ನು ಝೆರಾಕ್ಸ್ ಅಂಗಡಿಗೋ ಕಾಂಡಿಮೆಂಟ್ಸಿಗೋ ಬಾಡಿಗೆ ಕೊಟ್ಟ ಎಷ್ಟೋ ಮಾಲೀಕರು ಒಂದು ಕಾಲದಲ್ಲಿ ತಾವೇ ಕರಾರಿಗೆ ಕಟ್ಟುಬಿದ್ದ ಗುತ್ತಿಗೆದಾರರಾಗಿದ್ದರು. ವಾಸಕ್ಕೆಂದು ಕೊಟ್ಟ ಜಾಗದಲ್ಲಿ ವ್ಯಾಪಾರ ನಡೆಸಬಹುದೇ ಎಂಬ ಪ್ರಶ್ನೆ ಬಾಡಿಗೆ ಕರಾರಿನಲ್ಲಿ ಏಳುವುದೇ ಅಪರೂಪ. ಟ್ರೇಡ್ ಲೈಸೆನ್ಸ್ ಕೇಳಲು ಹೋದಾಗ ಏಳುತ್ತದೆ. ಅಷ್ಟರಲ್ಲಿ ಅಡ್ವಾನ್ಸು ಮಾಲೀಕರ ಕೈ ಸೇರಿರುತ್ತದೆ.

ಬಾಡಿಗೆದಾರರಿಗೆ ರಕ್ಷಣೆ ಕೊಟ್ಟ ಕಾಯಿದೆಗಳ ಕಥೆ ಏರಿ ಇಳಿದದ್ದು. 1951ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯಿದೆಯ ನಂತರ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಂತು. ಅದು ಅಂಗಡಿಗಳಿಗೂ ಅನ್ವಯಿಸುತ್ತಿತ್ತು. ಗೊತ್ತುಪಡಿಸಿದ ಕಾರಣಗಳಿಲ್ಲದೆ ಮಾಲೀಕರು ತೆರವು ಮಾಡಿಸುವಂತಿರಲಿಲ್ಲ. ಒಮ್ಮೆ ಒಳಗೆ ಬಂದವರು ಹೊರಗೆ ಹೋಗುವುದಿಲ್ಲ ಎಂಬ ಭಯ ಮಾಲೀಕರಲ್ಲಿ ಬೇರೂರಿದ್ದು ಆಗ. ದೊಡ್ಡ ಅಡ್ವಾನ್ಸು, ಚಿಕ್ಕ ಅವಧಿ ಎರಡಕ್ಕೂ ಆ ಭಯ ಗೊಬ್ಬರವಾಯಿತು. 2001ರ ಡಿಸೆಂಬರ್ 31ರಂದು ಜಾರಿಯಾದ ಕರ್ನಾಟಕ ಬಾಡಿಗೆ ಕಾಯಿದೆ, 1999 ಲೆಕ್ಕವನ್ನು ತಿರುಗಿಸಿ ಹಾಕಿತು. ವಾಸೇತರ ಕಟ್ಟಡಗಳನ್ನು ಹೊರಗಿಟ್ಟು, 14 ಚದರ ಮೀಟರ್ ಮೀರದ ವಾಣಿಜ್ಯ ಮಳಿಗೆಗಳನ್ನು ಮಾತ್ರ ಒಳಗೆ ಉಳಿಸಿಕೊಂಡಿತು. ಅಂದರೆ ಸುಮಾರು 150 ಚದರಡಿ, ಒಬ್ಬ ದರ್ಜಿ ಎರಡು ಮಿಷನ್ನು ಹಾಕಿಕೊಳ್ಳುವಷ್ಟು ಜಾಗ. ಅಷ್ಟು ಚಿಕ್ಕ ಅಂಗಡಿಗೂ ಇನ್ನೊಂದು ಅಡ್ಡಿಯಿದೆ: ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಗಳು ಮತ್ತೊಂದು ಉಪಬಂಧದಂತೆ ಹೊರಗೆ. ಜಯನಗರ 4ನೇ ಬ್ಲಾಕಿನ ಬಾಡಿಗೆ ಗೊತ್ತಿರುವವರಿಗೆ ಈ ರಕ್ಷಣೆ ಎಷ್ಟು ಅಂಗಡಿಗಳಿಗೆ ದಕ್ಕೀತೆಂದು ಬಿಡಿಸಿ ಹೇಳಬೇಕಿಲ್ಲ. ಪಾಲಿಕೆಯ ಅಥವಾ ಪ್ರಾಧಿಕಾರದ ಸಂಕೀರ್ಣದಲ್ಲಿ ಮಳಿಗೆ ಹಿಡಿದವರ ದಾರಿಯೇ ಬೇರೆ. ಅಲ್ಲಿ ತೆರವಿಗೆ 1974ರ ಸಾರ್ವಜನಿಕ ಆವರಣಗಳ ಕಾಯಿದೆಯಿದೆ.

ಹೀಗೆ ಬಾಡಿಗೆ ಕಾಯಿದೆ ಹಿಂದೆ ಸರಿದ ಮೇಲೆ ಸಣ್ಣ ವ್ಯಾಪಾರಿಗೆ ಉಳಿದದ್ದು ಕರಾರು ಒಂದೇ. ಆದರೆ ಆ ಕರಾರೋ ಹಳೆಯ ಭಯದ ಕಾಲದ್ದು. ಮಾಲೀಕರು ಐದು ವರ್ಷ ಇರಿ ಎಂದು ಬಾಯಲ್ಲಿ ಹೇಳಿ ಕಾಗದದಲ್ಲಿ 11 ತಿಂಗಳು ಬರೆಸುತ್ತಾರೆ. ಐದು ವರ್ಷವೆಂದೇ ಬರೆದು ನೋಂದಣಿ ಮಾಡಿಸದೆ ಬಿಡುವವರೂ ಉಂಟು. ನೋಂದಣಿಯಾಗದ ಅಂಥ ಪತ್ರವನ್ನು ಮುಂದಿಟ್ಟು ಐದು ವರ್ಷದ ಹಕ್ಕು ಕೇಳಲಾಗದು. ಸಾಮಾನ್ಯವಾಗಿ ನ್ಯಾಯಾಲಯ ಅದನ್ನು ತಿಂಗಳ ಬಾಡಿಗೆಯೆಂದೇ ಎಣಿಸುತ್ತದೆ. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನದ ನೋಟಿಸು ಸಾಕು. ಬೇಕರಿಯ ಒಲೆ, ಗಾಜಿನ ಕಪಾಟು, ನೆಲಕ್ಕೆ ಗ್ರಾನೈಟು ಎಂದು ಸಾಲ ಮಾಡಿ ಹಾಕಿದ ಹಣವೆಲ್ಲ ಆ 15 ದಿನದ ಮೇಲೆ ನಿಂತಿರುತ್ತದೆ. ನೋಂದಣಿಯ ಖರ್ಚು ಉಳಿಸಿದ್ದು ಇಬ್ಬರೂ. ಅದರ ಬೆಲೆ ತೆರುವುದು ಹೆಚ್ಚಾಗಿ ಒಬ್ಬರೇ. ಅವಧಿಗೆ ಮುಂಚೆ ಬಿಟ್ಟರೆ ಅಡ್ವಾನ್ಸು ಪೂರ್ತಿ ಹೋಯಿತು ಎಂಬ ಲಾಕ್-ಇನ್ ಷರತ್ತು ಮಾತ್ರ ಅಷ್ಟು ಗಟ್ಟಿಯಲ್ಲ. ಕರಾರು ಕಾಯಿದೆಯ 74ನೇ ಕಲಮಿನಂತೆ ಸಿಗುವುದು ಬರೆದ ಮೊತ್ತದೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಹತ್ತು ತಿಂಗಳ ಅಡ್ವಾನ್ಸು ಎಂಬ ಬೆಂಗಳೂರಿನ ರೂಢಿಗೆ ಯಾವ ಕಾಯಿದೆಯ ಬೆಂಬಲವೂ ಇಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸೇತರ ಕಟ್ಟಡಕ್ಕೆ ಆರು ತಿಂಗಳ ಮಿತಿ ಸೂಚಿಸಿತು.

ಕಾಗದದ ಮೇಲಿನ ನಂಬಿಕೆಯೇ ಅಲುಗಾಡಿದ್ದು ಛಾಪಾ ಕಾಗದದ ಹಗರಣದಲ್ಲಿ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾ ಕಾಗದದ ಜಾಲ ಹರಡಿ 2001ರಲ್ಲಿ ಅಜ್ಮೇರಿನಲ್ಲಿ ಸಿಕ್ಕಿಬಿದ್ದ. ಮುಂದೆ ರಾಜ್ಯ ಹಳೆಯ ಛಾಪಾ ಕಾಗದವನ್ನೇ ಕೈಬಿಟ್ಟು ಇ-ಸ್ಟಾಂಪಿಗೆ ಹೊರಳಿತು. ಸೌಹಾರ್ದ ಸಹಕಾರಿಯ ಕೌಂಟರಿನಲ್ಲಿ ಕೆಲವೇ ನಿಮಿಷದಲ್ಲಿ ಅದು ಸಿಗುವಂತಾಯಿತು. ಶುಲ್ಕ ಎಷ್ಟಾಗಬೇಕೆಂದು ಲೆಕ್ಕ ಹಾಕದೆ, ರೂಢಿಯಲ್ಲಿರುವ ಸಣ್ಣ ಮೊತ್ತದ ಸ್ಟಾಂಪ್ ಕೊಳ್ಳುವ ಚಾಳಿ ಹೋಗಿಲ್ಲ. 1957ರ ಕರ್ನಾಟಕ ಮುದ್ರಾಂಕ ಕಾಯಿದೆಯ ಪ್ರಕಾರ ಶುಲ್ಕ ಕಡಿಮೆಯಾದ ಪತ್ರ, ಬಾಕಿಯನ್ನೂ ಅದರ ಹತ್ತುಪಟ್ಟು ದಂಡವನ್ನೂ ಕಟ್ಟುವವರೆಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ನೋಟರಿಯ ಮೊಹರು ನೋಂದಣಿಗೆ ಸಮವಲ್ಲ ಎಂಬುದೂ ಹಲವರಿಗೆ ತಿಳಿಯುವುದು ವ್ಯಾಜ್ಯ ಶುರುವಾದ ಮೇಲೆ.

ಬಾಡಿಗೆಯಾಚೆಗಿನ ಕರಾರುಗಳಲ್ಲೂ ಈ ಪ್ರದೇಶದ ವ್ಯಾಪಾರ ಬಹುಕಾಲ ಮಾತಿನ ಮೇಲೆಯೇ ನಡೆಯಿತು. 1980ರ ದಶಕದಲ್ಲಿ ಇಲ್ಲಿಂದ ಹಬ್ಬಿದ ದರ್ಶಿನಿ ಎಂಬ ತಿಂಡಿ ಹೋಟೆಲಿನ ಹೆಸರು ಯಾರೊಬ್ಬರ ಸ್ವತ್ತೂ ಆಗದೆ ಊರಿಗೆಲ್ಲ ಸೇರಿಹೋಯಿತು. ಈಗಿನ ತಿಂಡಿ ಸರಪಳಿಗಳ ಫ್ರಾಂಚೈಸಿ ಕರಾರಿನ ಪಕ್ಕದಲ್ಲಿಟ್ಟು ನೋಡಿದರೆ ಆ ಉದಾರತೆ ಬೆರಗು ಹುಟ್ಟಿಸುತ್ತದೆ. ಭಾವ-ಭಾವಮೈದುನ ಸೇರಿ ಅಂಗಡಿ ಹಾಕಿ ಪಾಲುದಾರಿಕೆ ಪತ್ರವನ್ನು ನೋಂದಾಯಿಸದೆ ಬಿಡುವುದು ಇಂದಿಗೂ ಉಂಟು. 1932ರ ಪಾಲುದಾರಿಕೆ ಕಾಯಿದೆಯ 69ನೇ ಕಲಮು ಅಂಥ ಸಂಸ್ಥೆಗೆ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವ ಹಕ್ಕನ್ನು ನಿರಾಕರಿಸುತ್ತದೆ.

ಆಹಾರ ತಲುಪಿಸುವ ಆ್ಯಪ್‌ಗಳು ಬಂದ ಮೇಲೆ, ಚೌಕಾಸಿಗೆ ಎದುರುಗಡೆ ಮನುಷ್ಯರೇ ಇಲ್ಲದ ಕರಾರು ಬಿ.ಟಿ.ಎಂ.ನ ಮೆಸ್ಸುಗಳಿಗೂ ಬಂತು. ದೊಡ್ಡ ಎರಡು ಆ್ಯಪ್‌ಗಳ ಷರತ್ತುಗಳ ವಿರುದ್ಧ ಹೋಟೆಲುಗಳ ರಾಷ್ಟ್ರೀಯ ಸಂಘ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಏಪ್ರಿಲಿನಲ್ಲಿ ತನಿಖೆಗೆ ಆದೇಶಿಸಿತು.

ಬೆಂಗಳೂರಿನದೇ ಗುತ್ತಿಗೆಯೊಂದು ಈ ಇತಿಹಾಸದಲ್ಲಿ ದೂರ ಹೋಯಿತು. ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್ ಧರ್ಮಸಂಸ್ಥೆಯ ಜಾಗದ ಗುತ್ತಿಗೆಪತ್ರಕ್ಕೆ ಸಾಕಷ್ಟು ಮುದ್ರಾಂಕವಿರಲಿಲ್ಲ; ಆದ್ದರಿಂದ ಅದರ ಪಂಚಾಯ್ತಿ (ಮಧ್ಯಸ್ಥಿಕೆ) ಷರತ್ತಿನ ಮೇಲೆ ಮುಂದುವರಿಯುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಡಿಸೆಂಬರ್ 13ರಂದು ಏಳು ನ್ಯಾಯಾಧೀಶರ ಪೀಠ ಆ ನಿಲುವನ್ನು ಬದಲಿಸಿತು: ಮುದ್ರಾಂಕದ ಕೊರತೆ ಸರಿಪಡಿಸಬಹುದಾದ ದೋಷ, ಅದರಿಂದ ಪಂಚಾಯ್ತಿ ಷರತ್ತು ಸಾಯುವುದಿಲ್ಲ. ನೋಂದಣಿಯ ಗೆರೆಯನ್ನು ಆ ತೀರ್ಪು ಮುಟ್ಟಲಿಲ್ಲ. 11 ತಿಂಗಳ ಕರಾರು ಹಾಗೆಯೇ ನಡೆದಿದೆ.