ಸಿಕಂದರಾಬಾದಿನಲ್ಲಿ ಉದ್ಯೋಗ ತರಬೇತಿ

ನೌಕರಿಗೆ ಸೇರಿದವರಿಗೆ ಕೆಲಸ ಕಲಿಸುವುದು, ಸೇವೆಯಲ್ಲಿರುವಷ್ಟು ಕಾಲ ಅದನ್ನು ಮತ್ತೆ ಮತ್ತೆ ತಿದ್ದಿಸುವುದು ಇಂದು ಕಂಪನಿಗಳಲ್ಲಿ ಒಂದು ಪ್ರತ್ಯೇಕ ವೃತ್ತಿ. ಹೈದರಾಬಾದಿನ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಸಂಸ್ಥೆಗಳು ಬರುವ ಎಷ್ಟೋ ಮೊದಲೇ ಸಿಕಂದರಾಬಾದಿನಲ್ಲಿ ಅದು ಬೇರೂರಿತ್ತು. ಬೆಳೆಸಿದ್ದು ಮುಖ್ಯವಾಗಿ ರೈಲ್ವೆ.

ಇಂದಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಇಲ್ಲಿಗೆ ನಿಜಾಮರ ರೈಲು 1874ರಲ್ಲಿ ಬಂತು. 1893ರಲ್ಲಿ ಇಲ್ಲಿನ ಲಾಲಾಗುಡ ರೈಲ್ವೆ ಕಾರ್ಖಾನೆ ಆರಂಭವಾಯಿತು. ಅನುಭವಿ ಕೆಲಸಗಾರನ ಪಕ್ಕ ನಿಂತು ಕಲಿಯುವ ಕಾಲ ಅದು. ಸ್ವಾತಂತ್ರ್ಯಾನಂತರ ಸಿಗ್ನಲ್ ವ್ಯವಸ್ಥೆ ಜಟಿಲವಾಗುತ್ತ ಹೋದಂತೆ ಆ ಕ್ರಮವೊಂದೇ ಸಾಲದಾಯಿತು. 1957ರ ನವೆಂಬರ್ 24ರಂದು ತಾರ್ನಾಕದಲ್ಲಿ ಭಾರತೀಯ ರೈಲ್ವೆಯ ಸಿಗ್ನಲ್ ಎಂಜಿನಿಯರಿಂಗ್ ಮತ್ತು ದೂರಸಂಪರ್ಕ ಸಂಸ್ಥೆ, ಅಂದರೆ ಇರಿಸೆಟ್, ಸ್ಥಾಪನೆಯಾಯಿತು.

ಇಲ್ಲಿನ ಕಲಿಕೆಯ ಸ್ವರೂಪ ಒಂದು ಉಪಕರಣದಿಂದಲೇ ತಿಳಿಯುತ್ತದೆ. ಒಂಟಿ ಹಳಿಯ ಮಾರ್ಗಗಳಲ್ಲಿ ಬಳಕೆಯಲ್ಲಿದ್ದ, ಎರಡು ತುದಿಯ ನಿಲ್ದಾಣಗಳಲ್ಲೂ ಒಂದೊಂದಿರುವ ಟೋಕನ್ ಯಂತ್ರದಿಂದ ಸ್ಟೇಷನ್ ಮಾಸ್ಟರ್ ಒಂದು ಉಕ್ಕಿನ ಗುಂಡನ್ನು ತೆಗೆದು ಚಾಲಕನಿಗೆ ತಲುಪಿಸಬೇಕು. ಆ ಗುಂಡು ಈ ತುದಿಯ ಅಥವಾ ಆ ತುದಿಯ ಯಂತ್ರಕ್ಕೆ ಮರಳುವವರೆಗೆ ಎರಡರಿಂದಲೂ ಇನ್ನೊಂದು ಗುಂಡು ಹೊರಬರದು. ಹಾಗಾಗಿ ಆ ಹಳಿಗೆ ಇನ್ನೊಂದು ಗಾಡಿ ಇಳಿಯುವಂತಿಲ್ಲ. ನಿಯಮವನ್ನು ಬಾಯಿಪಾಠ ಮಾಡಿದರೆ ಇದು ಕೈಗೆ ಹತ್ತುವುದಿಲ್ಲ. ಯಂತ್ರ ಕೆಟ್ಟಾಗ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದನ್ನು ಜೀವಹಾನಿಯ ಭಯವಿಲ್ಲದ ಕಡೆ ಕಲಿತುಕೊಳ್ಳಬೇಕು. ತರಬೇತಿ ಕೇಂದ್ರಗಳಿರುವುದೇ ಅದಕ್ಕೆ.

1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ರಚನೆಯಾದಾಗ ಹುಬ್ಬಳ್ಳಿ ವಿಭಾಗವೂ ಅದರಲ್ಲಿ ಸೇರಿತು. 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಗುವವರೆಗೆ ಅಲ್ಲಿನ ಕನ್ನಡಿಗ ನೌಕರರಿಗೆ ವಲಯದ ಮುಖ್ಯ ಕಚೇರಿ ಇದ್ದದ್ದು ಸಿಕಂದರಾಬಾದಿನಲ್ಲೇ. ಮೌಲಾಲಿಯ ವಲಯ ತರಬೇತಿ ಸಂಸ್ಥೆ ಸ್ಟೇಷನ್ ಮಾಸ್ಟರ್‌ಗಳು, ಟ್ರೇನ್ ಮ್ಯಾನೇಜರ್‌ಗಳಂಥವರಿಗೆ (ಹಿಂದಿನ ಗಾರ್ಡುಗಳು) ಕಲಿಸುತ್ತದೆ.

ಇತರ ಕ್ಷೇತ್ರಗಳೂ ಹಿಂದೆ ಬೀಳಲಿಲ್ಲ. ಬೇಗಂಪೇಟೆಯ ಸ್ಟೇಟ್ ಬ್ಯಾಂಕ್ ಸ್ಟಾಫ್ ಕಾಲೇಜು 1961ರದು. ಸೇನಾಧಿಕಾರಿಗಳಿಗೆ ಆಡಳಿತ ನಿರ್ವಹಣೆ ಕಲಿಸುವ ಸಂಸ್ಥೆ 1970ರಲ್ಲಿ ಬಂದು, ಮುಂದೆ ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಆಯಿತು.

ಇರಿಸೆಟ್‌ನಲ್ಲಿ ಪಾಠ ಹೇಳುವವರು ಬಹುಪಾಲು ಹಳಿಯ ಮೇಲೆ ದುಡಿದು ಬಂದ ಅಧಿಕಾರಿಗಳು. ಕೆಲವು ವರ್ಷ ಕಲಿಸಿ ಮತ್ತೆ ಅದೇ ಕೆಲಸಕ್ಕೆ ಮರಳುತ್ತಾರೆ. ಈ ಪದ್ಧತಿಯ ನಿಜವಾದ ಬಲ ಇದೇ. ಆದರೆ ಅನುಭವಿಗಳು ಬೋಧನೆಗೆ ಮನಸ್ಸು ಮಾಡಬೇಕಾದರೆ ಆ ಹುದ್ದೆಗೆ ಮನ್ನಣೆಯೂ ಹಣವೂ ಬೇಕು. ಪ್ರತಿ ಇಲಾಖೆ ಸಂಬಳದ ಬಜೆಟ್ಟಿನ ಕನಿಷ್ಠ ಶೇ. 2.5ರಷ್ಟನ್ನು ತರಬೇತಿಗೆ ಮೀಸಲಿಡಬೇಕೆಂದು ಕೇಂದ್ರದ 2012ರ ರಾಷ್ಟ್ರೀಯ ತರಬೇತಿ ನೀತಿ ಹೇಳಿದ್ದು ಸರಿಯಾಗಿಯೇ ಇದೆ.

ರೈಲ್ವೆಯಲ್ಲಿ ಈಚಿನ ದೊಡ್ಡ ಬದಲಾವಣೆ 'ಕವಚ'. ಗಾಡಿ ಕೆಂಪು ಸಿಗ್ನಲ್ ದಾಟದಂತೆ ತಾನೇ ಬ್ರೇಕ್ ಹಾಕುವ ಈ ವ್ಯವಸ್ಥೆಯ ಪರೀಕ್ಷೆ ನಡೆದದ್ದು ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ, ಬೀದರ್ ಮಾರ್ಗಗಳಲ್ಲಿ. ಪ್ರಯಾಣಿಕರ ಗಾಡಿಗಳಲ್ಲಿ ಆ ಪರೀಕ್ಷೆ 2016ರಲ್ಲಿ ಶುರುವಾಯಿತು. 2020ರಲ್ಲಿ ಇಡೀ ದೇಶಕ್ಕೆ ಇದೇ ವ್ಯವಸ್ಥೆ ಎಂದು ನಿರ್ಧಾರವಾಯಿತು. ಇದರ ಉಪಕರಣಗಳು ನಿಲ್ದಾಣದಲ್ಲೂ ಹಳಿಯ ಮೇಲೂ ಎಂಜಿನ್ನಿನೊಳಗೂ ಇರುವುದರಿಂದ, ಸಿಗ್ನಲ್ ಸಿಬ್ಬಂದಿ ಮತ್ತು ಲೋಕೋ ಪೈಲಟ್‌ಗಳು ಇಬ್ಬರೂ ಇದನ್ನು ಹೊಸದಾಗಿ ಕಲಿಯಬೇಕಾಗಿದೆ.