ದಪ್ಪ ಬ್ಯಾರೆಲ್‌ನ ರೈಫಲ್ ಗುರಿ ತಪ್ಪುವುದೇ ಇಲ್ಲವೇ? ಮೂರು ತೂತಿನ ಫೋಟೋದ ಹಿಂದಿನ ಲೆಕ್ಕ

ಗುರಿ ಹಾಳೆಯ ಮೇಲೆ ಒಂದಕ್ಕೊಂದು ತಾಗಿಕೊಂಡಂತಿರುವ ಮೂರು ತೂತುಗಳು, ಪಕ್ಕದಲ್ಲಿ ಅಳತೆಗೆಂದು ಇಟ್ಟ ಅಮೆರಿಕದ ನಾಣ್ಯ, ಹಿಂದೆ ಬೆಂಚಿನ ಮೇಲೆ ದಪ್ಪ ಬ್ಯಾರೆಲ್‌ನ ಹೊಸ ರೈಫಲ್. ಕಾರ್ಖಾನೆಯಿಂದ ಬಂದ ಹಾಗೆಯೇ ಇಷ್ಟು ನಿಖರ, ದಪ್ಪ ಬ್ಯಾರೆಲ್ ಇದ್ದರೆ ಗುರಿ ತಪ್ಪುವುದೇ ಇಲ್ಲ ಎಂದು ಕೆಳಗೆ ಬರೆದಿರುತ್ತದೆ. ಇಂಥ ಫೋಟೋಗಳು ಹೆಚ್ಚಾಗಿ ಬರುವುದು ಅಮೆರಿಕದಿಂದ. ಅಲ್ಲಿ 'ವಾರ್ಮಿಂಟ್' ಅಥವಾ 'ಹೆವಿ ಬ್ಯಾರೆಲ್' ಹೆಸರಿನ ರೈಫಲ್‌ಗಳು ಅಂಗಡಿಯಲ್ಲೇ ಸಿಗುತ್ತವೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ ಸ್ನೈಪರ್ ರೈಫಲ್ ತಯಾರಿಸತೊಡಗಿದ ಮೇಲೆ 'ಸಬ್-ಎಂಒಎ' ಎಂಬ ಪದ ನಮ್ಮ ಸುದ್ದಿಗಳಲ್ಲೂ ಕಾಣುತ್ತಿದೆ.

ಫೋಟೋ ಸುಳ್ಳಾಗಿರಬೇಕೆಂದಿಲ್ಲ. ಆ ಮೂರು ಗುಂಡುಗಳು ನಿಜಕ್ಕೂ ಅಲ್ಲೇ ಬಿದ್ದಿರಬಹುದು. ಆದರೆ ಅದರಿಂದ ರೈಫಲ್ ಬಗ್ಗೆ ಎಷ್ಟು ತಿಳಿಯುತ್ತದೆ? ಲೆಕ್ಕ ಹಾಕಿ ನೋಡೋಣ.

ಎಂಒಎ ಎಂದರೇನು?

ಒಂದು ವೃತ್ತದಲ್ಲಿ 360 ಡಿಗ್ರಿ. ಒಂದು ಡಿಗ್ರಿಯ 60ನೇ ಒಂದು ಭಾಗವೇ ಒಂದು ಮಿನಿಟ್ ಆಫ್ ಆಂಗಲ್, ಚಿಕ್ಕದಾಗಿ ಎಂಒಎ. ಇದು ಕೋನದ ಅಳತೆಯಾದ್ದರಿಂದ ದೂರ ಹೆಚ್ಚಿದಂತೆ ಹಾಳೆಯ ಮೇಲಿನ ಅಂತರವೂ ಹೆಚ್ಚುತ್ತದೆ. 100 ಗಜ ದೂರದಲ್ಲಿ ಒಂದು ಎಂಒಎ ಎಂದರೆ 26.6 ಮಿ.ಮೀ., ಹೆಚ್ಚುಕಡಿಮೆ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. 200 ಗಜಕ್ಕೆ ಅದು ಎರಡು ಪಟ್ಟು.

ಒಂದೇ ಬಿಂದುವಿಗೆ ಗುರಿಯಿಟ್ಟು ಹಲವು ಗುಂಡು ಹಾರಿಸಿದಾಗ ಮೂಡುವ ತೂತುಗಳ ಗುಂಪನ್ನು 'ಗ್ರೂಪ್' ಎನ್ನುತ್ತಾರೆ. ಅತಿ ದೂರದ ಎರಡು ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ ಇರುವ ಅಂತರವೇ ಗ್ರೂಪ್‌ನ ಗಾತ್ರ. 100 ಗಜದಲ್ಲಿ ಅದು 26.6 ಮಿ.ಮೀ.ಗಿಂತ ಚಿಕ್ಕದಿದ್ದರೆ 'ಸಬ್-ಎಂಒಎ'. ಗ್ರೂಪ್ ಗುರಿಯ ನಡುವೆಯೇ ಬೀಳಬೇಕೆಂದಿಲ್ಲ. ದೂರದರ್ಶಕವನ್ನು ತಿರುಗಿಸಿ ಅದನ್ನು ಆಮೇಲೆ ಸರಿಪಡಿಸಬಹುದು. ಇಲ್ಲಿ ಪರೀಕ್ಷಿಸುವುದು ಗುಂಡುಗಳು ಎಷ್ಟು ಹತ್ತಿರ ಹತ್ತಿರ ಬೀಳುತ್ತವೆ ಎಂಬುದನ್ನು.

ದಪ್ಪ ಬ್ಯಾರೆಲ್ ಏನು ಮಾಡುತ್ತದೆ?

ಗುಂಡು ಹಾರಿದಾಗ ಬ್ಯಾರೆಲ್ ಕಂಪಿಸುತ್ತದೆ, ಬಿಸಿಯಾಗುತ್ತದೆ. ದಪ್ಪ ಬ್ಯಾರೆಲ್ ಎರಡಕ್ಕೂ ಸ್ವಲ್ಪ ಕಡಿವಾಣ ಹಾಕುತ್ತದೆ.

ಉಕ್ಕಿನ ಸರಳಿನ ಬಿಗಿತವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. ವ್ಯಾಸ 20% ಹೆಚ್ಚಾದರೆ ಬಿಗಿತ ಸುಮಾರು ಎರಡು ಪಟ್ಟಾಗುತ್ತದೆ. ಜೊತೆಗೆ ಉಕ್ಕು ಜಾಸ್ತಿ ಇರುವುದರಿಂದ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ತೆಳು ಬ್ಯಾರೆಲ್‌ನ ಬೇಟೆ ರೈಫಲ್‌ನಲ್ಲಿ ಒಂದರ ಹಿಂದೆ ಒಂದು ಐದಾರು ಗುಂಡು ಹಾರಿಸಿದರೆ ಬಿಸಿಗೆ ಗುಂಡು ಬೀಳುವ ಜಾಗ ನಿಧಾನಕ್ಕೆ ಸರಿಯುವುದುಂಟು. ದಪ್ಪ ಬ್ಯಾರೆಲ್‌ನಲ್ಲಿ ಈ ಸರಿಯುವಿಕೆ ತಡವಾಗಿ ಶುರುವಾಗುತ್ತದೆ. ಆದರೆ ಒಮ್ಮೆ ಕಾದರೆ ಆರುವುದಕ್ಕೂ ಅಷ್ಟೇ ಹೊತ್ತು ಬೇಕು. ದಪ್ಪ ತಳದ ಪಾತ್ರೆಯನ್ನು ನೆನಪಿಸಿಕೊಳ್ಳಿ.

ಅಂದರೆ ದಪ್ಪ ಬ್ಯಾರೆಲ್‌ನಿಂದ ಸಿಗುವ ಲಾಭ, ಹೆಚ್ಚು ಗುಂಡು ಹಾರಿಸಿದರೂ ಫಲಿತಾಂಶ ಬದಲಾಗದಿರುವುದು. ಮೊದಲ ಮೂರು ಗುಂಡುಗಳಲ್ಲಿ ಚೆನ್ನಾಗಿ ತಯಾರಿಸಿದ ತೆಳು ಬ್ಯಾರೆಲ್ ಕೂಡ ಅಷ್ಟೇ ಚಿಕ್ಕ ಗ್ರೂಪ್ ಕೊಡಬಲ್ಲದು. ಆದ್ದರಿಂದ ಮೂರು ಗುಂಡಿನ ಫೋಟೋ ತೋರಿಸಿ ದಪ್ಪ ಬ್ಯಾರೆಲ್ ಹೊಗಳುವುದೆಂದರೆ, 100 ಮೀಟರ್ ಓಡಿಸಿ ಮ್ಯಾರಥಾನ್ ಓಟಗಾರನನ್ನು ಆರಿಸಿದಂತೆ.

ನಿಖರತೆಗೆ ಬೇರೆ ಕಾರಣಗಳೂ ಇವೆ. ಬ್ಯಾರೆಲ್‌ನ ತುದಿಯ ಅಂಚು ನಯವಾಗಿ, ಸಮವಾಗಿರಬೇಕು. ರೈಫಲ್‌ನ ಹಿಡಿ ಬ್ಯಾರೆಲ್‌ಗೆ ತಾಗದೆ ಬಿಡುವಿರಬೇಕು. ಒಳಗಿನ ತಿರುವು ಗುಂಡಿಗೆ ಹೊಂದಬೇಕು. ಉದಾಹರಣೆಗೆ, 12 ಇಂಚಿಗೆ ಒಂದು ಸುತ್ತು ತಿರುವಿರುವ .223 ರೈಫಲ್‌ನಲ್ಲಿ 55 ಗ್ರೇನ್ ತೂಕದ ಗುಂಡು ಚೆನ್ನಾಗಿ ಹೋಗುತ್ತದೆ. ಅದರಲ್ಲೇ 75 ಗ್ರೇನ್‌ನ ಉದ್ದನೆಯ ಗುಂಡು ಹಾರಿಸಿದರೆ ಅದು ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಬ್ಯಾರೆಲ್ ಎಷ್ಟೇ ದಪ್ಪವಿದ್ದರೂ ಇದು ಬದಲಾಗದು.

ಮೂರು ಗುಂಡು ಯಾಕೆ ಸಾಲದು?

ಒಂದು ರೈಫಲ್ 100 ಗಜದಲ್ಲಿ ಮೂರು ಗುಂಡಿನ ಗ್ರೂಪ್‌ಗಳನ್ನು ಸರಾಸರಿ 20 ಮಿ.ಮೀ. ಗಾತ್ರಕ್ಕೆ ಕೊಡುತ್ತದೆ ಎಂದುಕೊಳ್ಳಿ. ರೈಫಲ್, ಗುಂಡು, ಹಾರಿಸುವವರು ಯಾವುದನ್ನೂ ಬದಲಿಸದೆ ಗುಂಡಿನ ಸಂಖ್ಯೆಯನ್ನು ಮಾತ್ರ ಹೆಚ್ಚಿಸಿದರೆ ಸಂಖ್ಯಾಶಾಸ್ತ್ರದ ಲೆಕ್ಕ ಹೀಗೆ ಬರುತ್ತದೆ:

- 3 ಗುಂಡಿನ ಗ್ರೂಪ್: ಸರಾಸರಿ 20 ಮಿ.ಮೀ.
- 5 ಗುಂಡಿನ ಗ್ರೂಪ್: ಸರಾಸರಿ ಸುಮಾರು 25 ಮಿ.ಮೀ.
- 10 ಗುಂಡಿನ ಗ್ರೂಪ್: ಸರಾಸರಿ ಸುಮಾರು 32 ಮಿ.ಮೀ.

ರೈಫಲ್ ಕೆಟ್ಟಿಲ್ಲ. ಗುಂಡುಗಳು ಹೆಚ್ಚಿದಂತೆ ಒಂದಾದರೂ ಅಂಚಿಗೆ ಬೀಳುವ ಅವಕಾಶ ಹೆಚ್ಚುತ್ತದೆ ಅಷ್ಟೆ. ಆದರೆ ಗಮನಿಸಿ, ಮೂರು ಗುಂಡಿನಲ್ಲಿ 'ಸಬ್-ಎಂಒಎ' ಅನಿಸಿಕೊಂಡ ಅದೇ ರೈಫಲ್ ಹತ್ತು ಗುಂಡಿನಲ್ಲಿ ಒಂದು ಎಂಒಎ ದಾಟಿತು.

ಇನ್ನೊಂದು ವಿಷಯವಿದೆ. ಸರಾಸರಿ 20 ಮಿ.ಮೀ. ಎಂದ ಮಾತ್ರಕ್ಕೆ ಪ್ರತಿ ಗ್ರೂಪ್ ಅಷ್ಟೇ ಇರುವುದಿಲ್ಲ. ಮೂರು ಗುಂಡಿನ ಗ್ರೂಪ್‌ಗಳ ಗಾತ್ರ ಬಹಳ ಏರುಪೇರಾಗುತ್ತದೆ. ಇದೇ ರೈಫಲ್ ಹತ್ತು-ಹದಿನೈದು ಗ್ರೂಪ್‌ಗೊಮ್ಮೆ, ಬರೀ ಅದೃಷ್ಟದಿಂದ, 10 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಗ್ರೂಪ್ ಕೊಡುತ್ತದೆ. ಜನ ಫೋಟೋ ತೆಗೆದು ಹಂಚುವುದು ಆ ಒಂದು ಹಾಳೆಯನ್ನು. ಉಳಿದವು ಕಸದ ಬುಟ್ಟಿಗೆ.

ಐದರಲ್ಲಿ ನಾಲ್ಕು ಗುಂಡು ಒಟ್ಟಿಗೆ ಬಿದ್ದು ಒಂದು ದೂರ ಹೋದರೆ, ಅದು ಕೈ ಅಲುಗಿದ್ದು, ಲೆಕ್ಕಕ್ಕಿಲ್ಲ ಎಂದು ಬಿಟ್ಟುಬಿಡುವ ರೂಢಿಯೂ ಇದೆ. ಗುಂಡು ಎಲ್ಲಿ ಬಿತ್ತೆಂದು ನೋಡಿದ ಮೇಲೆ ಅದನ್ನು ತೆಗೆದುಹಾಕಿದರೆ, ಪರೀಕ್ಷೆ ಬರೆದಾದ ಮೇಲೆ ತಪ್ಪು ಉತ್ತರಗಳನ್ನು ಅಳಿಸಿ ನೂರಕ್ಕೆ ನೂರು ಹಾಕಿಕೊಂಡಂತೆ.

ಸರಿಯಾದ ಪರೀಕ್ಷೆ ಹೇಗಿರುತ್ತದೆ?

ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ 'ಅಮೆರಿಕನ್ ರೈಫಲ್‌ಮನ್' ಪತ್ರಿಕೆ ರೈಫಲ್‌ಗಳ ಪರೀಕ್ಷೆಯಲ್ಲಿ ಒಂದರ ಹಿಂದೊಂದರಂತೆ ಐದು ಗುಂಡಿನ ಐದು ಗ್ರೂಪ್ ಹಾರಿಸಿ, ಅತಿ ಚಿಕ್ಕದು, ಅತಿ ದೊಡ್ಡದು, ಸರಾಸರಿ ಮೂರನ್ನೂ ಪ್ರಕಟಿಸುತ್ತದೆ. ಒಟ್ಟು 25 ಗುಂಡು, ಆಯ್ಕೆ ಇಲ್ಲ. ನಂಬಬಹುದಾದ ಪರೀಕ್ಷೆಯಲ್ಲಿ ಇವಿಷ್ಟು ಇರುತ್ತವೆ:

1. ರೈಫಲ್‌ನ ಮುಂದೆ ಮತ್ತು ಹಿಂದೆ ಮರಳಿನ ಚೀಲದ ಆಸರೆ. ಇದರಿಂದ ಹಾರಿಸುವವರ ಕೈ ನಡುಕದ ಪಾಲು ಕಡಿಮೆಯಾಗುತ್ತದೆ.
2. ಎಲ್ಲ ಗ್ರೂಪ್‌ಗೂ ಒಂದೇ ಬಗೆಯ ಗುಂಡು. ಬೇರೆ ಗುಂಡು ಪರೀಕ್ಷಿಸಿದರೆ ಅದರ ಲೆಕ್ಕ ಬೇರೆ.
3. ಗ್ರೂಪ್‌ಗಳ ನಡುವೆ ಬ್ಯಾರೆಲ್ ಆರಲು ಬಿಡುವು. ಬಿಸಿಯ ಪರಿಣಾಮ ತಿಳಿಯಬೇಕಿದ್ದರೆ ಬಿಡುವಿಲ್ಲದ ಹತ್ತು ಗುಂಡಿನ ಗ್ರೂಪ್ ಪ್ರತ್ಯೇಕವಾಗಿ.
4. ಗಾಳಿ ಕಡಿಮೆ ಇರುವ ಹೊತ್ತು. ಗಂಟೆಗೆ 16 ಕಿ.ಮೀ. ಅಡ್ಡಗಾಳಿ .308 ಗುಂಡನ್ನು 100 ಗಜದಲ್ಲೇ ಸುಮಾರು 2 ಸೆಂ.ಮೀ. ಸರಿಸುತ್ತದೆ.
5. ಎಷ್ಟು ಗ್ರೂಪ್ ಹಾರಿಸುವುದೆಂದು ಮೊದಲೇ ತೀರ್ಮಾನ, ಆಮೇಲೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸುವುದು.

ತಪ್ಪು ನಂಬಿದರೆ ನಷ್ಟ ಯಾರಿಗೆ?

ಮೊದಲಿಗೆ ಕೊಳ್ಳುವವರಿಗೆ. ದಪ್ಪ ಬ್ಯಾರೆಲ್‌ನ ರೈಫಲ್ ಭಾರ ಹೆಚ್ಚು, ಹೊತ್ತು ನಡೆಯುವುದು ಕಷ್ಟ.

ದೊಡ್ಡ ನಷ್ಟ ಪ್ರಾಣಿಗಳಿಗೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅಮೆರಿಕದಲ್ಲಿ ಅನುಮತಿ ಪಡೆದು ಬೇಟೆಯಾಡಬಹುದು. 10 ಮಿ.ಮೀ. ಗ್ರೂಪ್ ನೋಡಿದವರು 400 ಗಜದಲ್ಲೂ ತನ್ನ ಗುಂಡುಗಳು 4 ಸೆಂ.ಮೀ. ಒಳಗೆ ಬೀಳುತ್ತವೆ ಎಂದುಕೊಳ್ಳುತ್ತಾರೆ. ಅದೇ ರೈಫಲ್‌ನ ಹತ್ತು ಗುಂಡಿನ ಲೆಕ್ಕದಲ್ಲಿ ಅದು ಸುಮಾರು 13 ಸೆಂ.ಮೀ. ಅದೂ ಆಸರೆಯ ಮೇಲೆ, ಗಾಳಿಯಿಲ್ಲದಾಗ. ಕಾಡಿನಲ್ಲಿ ಬೆಂಚೂ ಇಲ್ಲ, ಮರಳಿನ ಚೀಲವೂ ಇಲ್ಲ. ಹೃದಯಕ್ಕೆ ಇಟ್ಟ ಗುರಿ ಹೊಟ್ಟೆಗೋ ಕಾಲಿಗೋ ಬಿದ್ದರೆ ಜಿಂಕೆ ಗಾಯಗೊಂಡು ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ.

ಕೊನೆಗೆ

ದಪ್ಪ ಬ್ಯಾರೆಲ್ ಉಪಯುಕ್ತ, ಆದರೆ ಅದೊಂದೇ ನಿಖರತೆಯ ಗ್ಯಾರಂಟಿ ಅಲ್ಲ. ಕಾರ್ಖಾನೆಯ ರೈಫಲ್‌ಗಳಲ್ಲಿ ನಿಜಕ್ಕೂ ಒಳ್ಳೆಯವಿವೆ. ಅದು ತಿಳಿಯುವುದು ಹಲವು ಗ್ರೂಪ್‌ಗಳ ಸರಾಸರಿಯಿಂದ, ಒಂದು ಫೋಟೋದಿಂದಲ್ಲ.

ಕಷಾಯ ಕುಡಿದು ಮೂವರ ಸಕ್ಕರೆ ಕಾಯಿಲೆ ವಾಸಿಯಾಯಿತು ಎನ್ನುವ ಮೆಸೇಜ್‌ಗೂ ಇದೇ ಲೆಕ್ಕ. ಇಂಥದ್ದನ್ನು ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಒಟ್ಟು ಎಷ್ಟು ಸಲ ಪ್ರಯತ್ನಿಸಿದರು? ಉಳಿದ ಫಲಿತಾಂಶ ಎಲ್ಲಿ? ಲೆಕ್ಕದಿಂದ ಕೈಬಿಟ್ಟದ್ದು ಏನನ್ನು? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡದಿರುವುದೇ ಒಳ್ಳೆಯದು.